ಟ್ಯಾಬ್‌ನ ಬೀಗದ ಕೈ ಯಾರ ಬಳಿ ಇದೆ?

ಶಾಲೆಯ ಪಾಠಕ್ಕೆಂದು ಕೊಡಿಸಿದ ಟ್ಯಾಬ್‌ಗೆ ಬೀಗ ಹಾಕಿದ್ದೀರಾ ಎಂದು ಕೇಳಿದರೆ ಹೆಚ್ಚಿನ ಹೆತ್ತವರು ‘ಹಾಕಿದ್ದೇವೆ’ ಎನ್ನುತ್ತಾರೆ. ಪಿನ್ ಯಾರಿಗೆ ಗೊತ್ತು ಎಂದು ಕೇಳಿದಾಗ ಮಾತ್ರ ತಾಯಿ ಪಕ್ಕದಲ್ಲಿ ಕುಳಿತ ಮಗನ ಮುಖ ನೋಡುತ್ತಾರೆ. ಟ್ಯಾಬ್ ಬಂದ ದಿನ ಅದನ್ನು ಪೆಟ್ಟಿಗೆಯಿಂದ ತೆಗೆದು, ವೈಫೈಗೆ ಜೋಡಿಸಿ, ಖಾತೆ ತೆರೆದು, ಜನ್ಮದಿನಾಂಕ ತುಂಬಿದವನು ಆ 12 ವರ್ಷದ ಹುಡುಗನೇ. ಮನೆಯಲ್ಲಿ ಅದೆಲ್ಲ ತಿಳಿದವನು ಅವನೊಬ್ಬನೇ. ಹಗಲು ತಾನೇ ಹಾಕಿದ ಬೀಗವನ್ನು ರಾತ್ರಿ ಹನ್ನೊಂದಕ್ಕೆ ಅವನೇ ತೆರೆಯುತ್ತಾನೆ.

ನಾನು ಕಲಿತದ್ದು ಯೂನಾನಿ ವೈದ್ಯಕೀಯ, ಕಂಪ್ಯೂಟರ್ ಅಲ್ಲ. ಆದರೂ ಈ ವಿಷಯ ಆರೋಗ್ಯದ ಪುಟಕ್ಕೇ ಸೇರಬೇಕಾದದ್ದು. ಆರೋಗ್ಯ ಉಳಿಯಲು ಆರು ಸಂಗತಿಗಳು ಹದವಾಗಿರಬೇಕು ಎನ್ನುತ್ತದೆ ಯೂನಾನಿ ಪದ್ಧತಿ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೋಗಬೇಕಾದುದು ಹೊರಗೆ ಹೋಗುವುದು. ಇವನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಕರೆಯುತ್ತೇವೆ. ಗಾಳಿಯೊಂದನ್ನು ಬಿಟ್ಟರೆ ಉಳಿದ ಐದನ್ನೂ ಟ್ಯಾಬ್ ಮುಟ್ಟುತ್ತದೆ. ಕೊನೆಯದನ್ನೂ ಮುಟ್ಟುತ್ತದೆ ಎಂದರೆ ನಗಬೇಡಿ. ಆಟದ ಮಧ್ಯೆ ಏಳಲು ಮನಸ್ಸಿಲ್ಲದೆ ತಡೆದು ಕೂತು ಮಲಬದ್ಧತೆ ತಂದುಕೊಳ್ಳುವ ಮಕ್ಕಳಿದ್ದಾರೆ. ಇನ್ನು ಕೆಲವರು ಟ್ಯಾಬನ್ನೇ ಶೌಚಾಲಯದೊಳಗೆ ಒಯ್ಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅದೇ ಟ್ಯಾಬ್ ಊಟದ ದಸ್ತರ್‌ಖಾನ್‌ಗೂ ಬರುತ್ತದೆ.

ಈ ಐದರಲ್ಲಿ ಮೊದಲು ಕೆಡುವುದು ನಿದ್ರೆ. ಆದ್ದರಿಂದ ಬೀಗ ಮೊದಲು ರಾತ್ರಿಗೆ ಬೀಳಬೇಕು ಎನ್ನುವುದು ನನ್ನ ಅಭಿಪ್ರಾಯ. ಹೆತ್ತವರು ಕೇಳುವುದು ‘ದಿನಕ್ಕೆ ಎಷ್ಟು ಗಂಟೆ ಕೊಡಬಹುದು’ ಎಂದು. 5ರಿಂದ 10 ವರ್ಷದ ಮಕ್ಕಳಿಗೆ ಪರದೆಯ ಸಮಯ ದಿನಕ್ಕೆ 2 ಗಂಟೆಗಿಂತ ಕಡಿಮೆ ಇರಬೇಕೆಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ಕೇಂದ್ರ ಸರಕಾರ 2020ರ ಜುಲೈಯಲ್ಲಿ ತಂದ ‘ಪ್ರಗ್ಯಾತಾ’ ಮಾರ್ಗಸೂಚಿಯೂ ಆನ್‌ಲೈನ್ ತರಗತಿಗೆ ಮಿತಿ ಹಾಕಿತ್ತು: 1ರಿಂದ 8ನೇ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡೇ ಅವಧಿ. ಒಳ್ಳೆಯ ಲೆಕ್ಕಗಳೇ. ಆದರೆ ಮನೆಯಲ್ಲಿ ನಿಮಿಷ ಎಣಿಸಲು ಹೊರಟರೆ ಪ್ರತಿ ಸಂಜೆ ಜಗಳ. ‘ಹೋಮ್‌ವರ್ಕ್ ಮಾಡ್ತಾ ಇದ್ದೇನೆ ಉಮ್ಮಾ’ ಎಂದರೆ ಅದು ಪಾಠವೋ ಆಟವೋ ಎಂದು ಅಡುಗೆಮನೆಯಿಂದ ಹೇಗೆ ತಿಳಿಯಬೇಕು? ರಾತ್ರಿ ಇಂಥ ಗಂಟೆಗೆ ಮುಚ್ಚಿತು ಎಂದರೆ ಆ ಚರ್ಚೆಯೇ ಇರುವುದಿಲ್ಲ.

ಗಂಟೆ ಯಾವುದು? 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು, 13ರಿಂದ 18ರವರಿಗೆ 8ರಿಂದ 10 ಗಂಟೆ. ಬೆಳಗಿನ ಮದ್ರಸಕ್ಕಾಗಿ 6ಕ್ಕೆ ಏಳುವ 10 ವರ್ಷದ ಮಗು ರಾತ್ರಿ 9ಕ್ಕೆ ನಿದ್ದೆಯಲ್ಲಿರಬೇಕು. ಹಾಗಾದರೆ ಟ್ಯಾಬ್ 8ಕ್ಕೆ ಮುಚ್ಚಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಊಟಕ್ಕೆ ಕೂರುವುದೇ ಹತ್ತು ಗಂಟೆಗೆ ಎಂಬುದು ಇನ್ನೊಂದು ದಿನದ ಲೇಖನ.

ಬೀಗ ಹಾಕುವುದು ಕಷ್ಟವಲ್ಲ. ಆಂಡ್ರಾಯ್ಡ್ ಟ್ಯಾಬ್ ಆದರೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಆ್ಯಪ್ ಉಚಿತ. ಅದನ್ನು ನಿಮ್ಮ ಫೋನಿನಲ್ಲಿ ಹಾಕಿಕೊಂಡು ಮಗುವಿನ ಖಾತೆಗೆ ಜೋಡಿಸಿದರೆ, ನೀವು ಗೊತ್ತುಮಾಡಿದ ಹೊತ್ತಿಗೆ ಟ್ಯಾಬ್ ತಾನೇ ಮುಚ್ಚಿಕೊಳ್ಳುತ್ತದೆ. ಹೊಸ ಆ್ಯಪ್ ಹಾಕಲು ಮಗು ನಿಮ್ಮ ಒಪ್ಪಿಗೆ ಕೇಳುವಂತೆಯೂ ಮಾಡಬಹುದು. ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನಲ್ಲೇ ‘ಸ್ಕ್ರೀನ್ ಟೈಮ್’ ಇದೆ. ಅದಕ್ಕೆ ಬೇರೆಯೇ ಪಾಸ್‌ಕೋಡ್ ಇಡಬೇಕು, ಐಪ್ಯಾಡ್ ತೆರೆಯುವ ಸಂಖ್ಯೆಯನ್ನೇ ಇಟ್ಟರೆ ಬೀಗ ಹಾಕಿಯೂ ಪ್ರಯೋಜನವಿಲ್ಲ. ಮನೆಯವರೆಲ್ಲರಿಗೂ ಗೊತ್ತಿರುವ ಮದುವೆಯ ಇಸವಿಯೂ ಬೇಡ. ಖಾತೆಯಲ್ಲಿ ಮಗುವಿನ ನಿಜವಾದ ಹುಟ್ಟಿದ ವರ್ಷವೇ ಇರಲಿ. ವಯಸ್ಸು ಹೆಚ್ಚಿಸಿ ಬರೆದರೆ ದೊಡ್ಡವರಿಗೆಂದು ಇಟ್ಟ ವೀಡಿಯೊಗಳೂ ತೆರೆದುಕೊಳ್ಳುತ್ತವೆ. ಯೂಟ್ಯೂಬ್‌ನಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಓಡುವ ‘ಆಟೋಪ್ಲೇ’ಯನ್ನು ನಿಲ್ಲಿಸಿಬಿಡಿ. ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಗೊತ್ತಿಲ್ಲದಿದ್ದರೆ ಕಾಲೇಜಿಗೆ ಹೋಗುವ ನಾದಿನಿಯನ್ನೋ ತಂಗಿಯನ್ನೋ ಕೇಳಿ, ಆ ಮಗುವನ್ನೇ ಕೇಳಬೇಡಿ.

ತಂದೆ ಗಲ್ಫ್‌ನಲ್ಲಿರುವ ಮನೆಗಳಲ್ಲಿ ಇನ್ನೊಂದು ತೊಡಕು. ಟ್ಯಾಬ್ ಕಳುಹಿಸಿದವರು ಅವರು, ನಿಯಂತ್ರಣದ ಆ್ಯಪ್ ಇರುವುದೂ ಅವರ ಫೋನಿನಲ್ಲಿ. ಇಲ್ಲಿ ರಾತ್ರಿ 9 ಆದಾಗ ದುಬೈಯಲ್ಲಿ 7.30, ಜಿದ್ದಾದಲ್ಲಿ 6.30. ಇಲ್ಲಿ ಮಲಗುವ ಹೊತ್ತು, ಅಲ್ಲಿ ಇನ್ನೂ ಸಂಜೆ. ಮಗು ತಾಯಿಯ ಫೋನಿನಿಂದ ‘ಇನ್ನೂ ಅರ್ಧ ಗಂಟೆ, ಪ್ಲೀಸ್’ ಎಂದು ಧ್ವನಿ ಸಂದೇಶ ಕಳುಹಿಸುತ್ತದೆ. ದಿನಕ್ಕೆ ಹತ್ತು ನಿಮಿಷ ಪರದೆಯಲ್ಲಿ ಮಾತ್ರ ಮಗುವನ್ನು ನೋಡುವ ತಂದೆಗೆ ಆ ಹತ್ತು ನಿಮಿಷದಲ್ಲೂ ‘ಬೇಡ’ ಎನ್ನಲು ಮನಸ್ಸಾದರೂ ಹೇಗೆ ಬಂದೀತು? ಅಲ್ಲಿಂದಲೇ ಬೀಗ ತೆಗೆಯುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಮರುದಿನ ಕಣ್ಣು ಬಿಡದ ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ಮದ್ರಸಕ್ಕೆ ಕಳುಹಿಸಬೇಕಾದವರು ತಾಯಿ. ಫ್ಯಾಮಿಲಿ ಲಿಂಕ್‌ನಲ್ಲಿ ಹೆತ್ತವರಿಬ್ಬರನ್ನೂ ಸೇರಿಸಬಹುದು. ತಾಯಿಯ ಖಾತೆಯನ್ನೂ ಸೇರಿಸಿ, ರಾತ್ರಿಯ ಅನುಮತಿ ಮಗುವನ್ನು ಎಬ್ಬಿಸುವವರದ್ದು ಎಂದು ಇಬ್ಬರೂ ಒಮ್ಮೆ ಮಾತಾಡಿಕೊಳ್ಳಿ. ಇದನ್ನು ಓದುತ್ತಿರುವ ತಂದೆಯಂದಿರು ಈ ವಾರದ ರಜೆಯಲ್ಲೇ ಮಾಡಿಬಿಡಬಹುದು.

ಶಾಲೆಯೇ ಕೊಟ್ಟ ಟ್ಯಾಬ್ ಆದರೆ ಹಲವು ಬೀಗಗಳು ಶಾಲೆಯ ಕೈಯಲ್ಲೇ ಇರುತ್ತವೆ, ನೀವು ಬದಲಿಸಲಾಗದು. ಅದು ರಾತ್ರಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಮಗು ನೋಡಿದ್ದನ್ನು ಯಾರು ನೋಡುತ್ತಾರೆ ಎಂದು ಪೋಷಕರ ಸಭೆಯಲ್ಲಿ ಕೇಳಿ. ರಾತ್ರಿ 9ಕ್ಕೆ ವಾಟ್ಸಾಪ್ ಗುಂಪಿಗೆ ಹೋಮ್‌ವರ್ಕ್ ಹಾಕಿ ನಾಳೆಯೇ ತನ್ನಿ ಎನ್ನುವ ಶಾಲೆಗಳಿರುವ ತನಕ ತಾಯಿಯ ಬೀಗ ನಿಲ್ಲದು. ನಮ್ಮವರೇ ಆಡಳಿತ ಸಮಿತಿಯಲ್ಲಿರುವ ಶಾಲೆಗಳು ಎಷ್ಟಿಲ್ಲ! ಸಂಜೆ 6ರ ನಂತರ ಏನನ್ನೂ ಕಳುಹಿಸುವುದಿಲ್ಲ ಎಂದು ಒಂದು ಠರಾವು ಮಾಡಲು ಅವರಿಗೆ ಒಂದು ಪೈಸೆಯ ಖರ್ಚೂ ಇಲ್ಲ.

ಕೆಲವು ಮನೆಗಳಲ್ಲಿ ಬೀಗ ಹೆಣ್ಣುಮಕ್ಕಳ ಟ್ಯಾಬ್‌ಗೆ ಮಾತ್ರ. ಅಣ್ಣನ ಕೋಣೆಯಲ್ಲಿ ರಾತ್ರಿ ಒಂದರವರೆಗೆ ಬೆಳಕು, ತಂಗಿಯ ಟ್ಯಾಬ್ ಏಳಕ್ಕೇ ಕಪಾಟಿನೊಳಗೆ. ನಿದ್ರೆಗೆಟ್ಟರೆ ಇಬ್ಬರ ದೇಹಕ್ಕೂ ಆಗುವುದು ಒಂದೇ, ಬೀಗವೂ ಇಬ್ಬರಿಗೂ ಒಂದೇ ಇರಲಿ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಪರಿಚಿತನೊಬ್ಬ ಕೆಟ್ಟ ಸಂದೇಶ ಕಳುಹಿಸಿದಾಗ ‘ಹೇಳಿದರೆ ಟ್ಯಾಬ್ ಹೋಗುತ್ತದೆ, ಟ್ಯಾಬ್ ಹೋದರೆ ಓದೂ ನಿಲ್ಲುತ್ತದೆ’ ಎಂಬ ಭಯವಿರುವ ಹುಡುಗಿ ಅದನ್ನು ಯಾರಿಗೂ ಹೇಳುವುದಿಲ್ಲ. ಹೇಳಿದ್ದಕ್ಕೆ ನಿನ್ನ ಓದು ನಿಲ್ಲುವುದಿಲ್ಲ ಎಂದು ಮೊದಲೇ ಅವಳಿಗೆ ಬಾಯಿಬಿಟ್ಟು ಹೇಳಿರಬೇಕು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯೂ ಅವಳಿಗೆ ಗೊತ್ತಿರಲಿ. ಕದ್ದು ಮಕ್ಕಳ ಸಂದೇಶ ಓದುವ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ. ಏನು ಮುಚ್ಚಿದ್ದೇವೆ, ಯಾಕೆ ಮುಚ್ಚಿದ್ದೇವೆ ಎಂದು ಮಕ್ಕಳಿಗೆ ತಿಳಿದಿರಲಿ, ವಯಸ್ಸು ಏರಿದಂತೆ ಒಂದೊಂದೇ ಸಡಿಲವಾಗಲಿ.

ಮಗನಿಗೆ ನೆನಪೇ ನಿಲ್ಲುವುದಿಲ್ಲ, ಖಮೀರಾ ಗಾವ್‌ಜಬಾನ್ ಕೊಡಿ ಎಂದು ಬರುವವರಿದ್ದಾರೆ. ಮಧ್ಯರಾತ್ರಿಯವರೆಗೆ ಎಚ್ಚರವಿರುವ ಮಗುವಿಗೆ ಮೊದಲು ಬೇಕಾದ್ದು ಖಮೀರಾ ಅಲ್ಲ, ಎರಡು ವಾರ ಸರಿಯಾದ ನಿದ್ರೆ. ಕರಿಹಲಗೆ ಓದಲು ಕಣ್ಣು ಕಿರಿದು ಮಾಡುವ ಮಗುವನ್ನಾದರೆ ಗುಲಾಬ್‌ಜಲ ಹಾಕಿ ಕಾಯದೆ ಕಣ್ಣಿನ ವೈದ್ಯರಿಗೆ ತೋರಿಸಿ.

ಟ್ಯಾಬ್‌ನ ಚಾರ್ಜರ್ ಮಕ್ಕಳ ಕೋಣೆಯಲ್ಲಿರದೆ ಹಾಲ್‌ನಲ್ಲಿರಲಿ. ರಾತ್ರಿ ಮನೆಯವರ ಫೋನುಗಳೂ ಅಲ್ಲೇ ಇದ್ದರೆ ಮಕ್ಕಳ ತಕರಾರು ಅರ್ಧ ಕಡಿಮೆಯಾಗುತ್ತದೆ. ಅಲಾರಾಂಗೆ ಟ್ಯಾಬ್ ಬೇಕು ಎಂದು ಹಟ ಹಿಡಿದರೆ ಒಂದು ಗಂಟೆ ಹೊಡೆಯುವ ಗಡಿಯಾರ ತಂದುಕೊಡಿ.