ಊರ ಜಗಳದಲ್ಲಿ ಕೂಸು ಬಡವಾಗದಿರಲಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕೇಳದವರಿಲ್ಲ. ಇಲ್ಲಿ ಬಡವಾಗುವುದೆಂದರೆ ಹಣ ಕಳೆದುಕೊಳ್ಳುವುದಲ್ಲ; ಸೊರಗುವುದು, ಮೈ ಇಳಿಯುವುದು. ದೊಡ್ಡವರ ಮನಸ್ಸು ಕೆಟ್ಟರೆ ಚಿಕ್ಕವರ ಮೈ ಇಳಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ತಕ್ಕಡಿ ಹಿಡಿಯದೆಯೇ ಕಂಡುಕೊಂಡಿದ್ದರು. ಜಗಳ ಮನೆಯದಾಗಿರದೆ ಊರಿನದಾದಾಗ ಅಥವಾ ದೇಶ ದೇಶಗಳ ನಡುವಿನದಾದಾಗಲೂ ಈ ಮಾತು ಅಷ್ಟೇ ನಿಜ. ಆದರೆ ಗಲಭೆ ಅಡಗಿದ ಮೇಲೆ ನಾವು ಲೆಕ್ಕ ಹಾಕುವುದು ಸತ್ತವರನ್ನು, ಗಾಯಗೊಂಡವರನ್ನು, ಸುಟ್ಟ ವಾಹನಗಳನ್ನು. ಮನೆಯ ಮೂಲೆಯಲ್ಲಿ ತಾಯಿಯ ಸೆರಗು ಹಿಡಿದು ಕೂತ ಮೂರು ವರ್ಷದ ಮಗು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಆ ಸೆರಗಿನ ಒಡತಿಯ ಮನಸ್ಸು ಹೇಗಿದೆ ಎಂದಂತೂ ಯಾರೂ ಕೇಳುವುದಿಲ್ಲ.

ಸಂಘರ್ಷದಿಂದ ನೊಂದ ಎಳೆಯ ಮಗುವನ್ನು ಉಳಿಸಬೇಕಾದರೆ, ಅದನ್ನು ಸಾಕುವವರ ಮನಸ್ಸಿಗೆ ಮೊದಲು ಆಸರೆ ಕೊಡಬೇಕು. ಇದು ಪರಿಹಾರ ಕಾರ್ಯದ ಕೊನೆಯ ಅಂಶವಾಗಬಾರದು. ಅನ್ನ, ಔಷಧಿಯ ಜೊತೆಯಲ್ಲೇ ಬರಬೇಕು.

ದೂರದ ಮಾತಲ್ಲ

ಇದೆಲ್ಲ ಕಾಶ್ಮೀರದ್ದೋ ಗಾಜಾದ್ದೋ ಸಮಸ್ಯೆ, ಮೇಡ್ಲೇರಿಯಂಥ ಊರಿಗೆ ಇದರ ಸಂಬಂಧವೇನು ಎಂದು ಕೆಲವರು ಕೇಳಬಹುದು. ನಮ್ಮ ಸುತ್ತಲೇ ನೋಡೋಣ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದುದಕ್ಕೆ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಇಟ್ಟರು. ಬಳಿಕ ಬಂಧನಗಳಾದವು. ಯುದ್ಧವೂ ನಮ್ಮ ತಾಲ್ಲೂಕನ್ನು ಬಿಟ್ಟಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದ ಮೇಲೆ ನಡೆದ ದಾಳಿಯಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಅಸುನೀಗಿದರು. ಆ ದಿನಗಳಲ್ಲಿ ಈ ಭಾಗದ ಎಷ್ಟೋ ಮನೆಗಳಲ್ಲಿ ಟೀವಿ ಆರಲಿಲ್ಲ, ಒಲೆ ಸರಿಯಾಗಿ ಉರಿಯಲಿಲ್ಲ.

ಇಂಥ ಘಟನೆಯ ಮರುದಿನ ಒಂದು ಮನೆಯ ಒಳಗೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಗಂಡ ಠಾಣೆಯಲ್ಲಿರಬಹುದು, ಆಸ್ಪತ್ರೆಯಲ್ಲಿರಬಹುದು ಅಥವಾ ಭಯದಿಂದ ಊರು ಬಿಟ್ಟಿರಬಹುದು. ಸಾಲಗಾರ ಬಾಗಿಲಿಗೆ ಬರುತ್ತಾನೆ. ನೆರೆಹೊರೆಯವರು ಪಿಸುಗುಟ್ಟುತ್ತಾರೆ. ಹೆಂಡತಿ ರಾತ್ರಿಯಿಡೀ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾಳೆ. ಬೆಳಿಗ್ಗೆ ಮಗು ಹಾಲಿಗೆ ಅತ್ತರೆ ಅವಳಿಗೆ ಕೇಳಿಸುವುದೇ ಇಲ್ಲ. ಕೇಳಿಸಿದರೂ ಎದ್ದು ಬರುವ ಶಕ್ತಿ ಇರುವುದಿಲ್ಲ. ಎದ್ದು ಬಂದರೂ ಕೈ ಮಗುವಿನ ಬೆನ್ನಿಗೆ ಬೀಳುತ್ತದೆ. ಇದು ಮಮತೆಯ ಕೊರತೆಯಲ್ಲ. ಮನಸ್ಸಿಗೆ ಆದ ಗಾಯ.

ಮಗು ಓದುವುದು ಮುಖವನ್ನು

ಎರಡು ವರ್ಷದ ಮಗುವಿಗೆ ಗೋಲಿಬಾರ್ ಎಂದರೇನು, ದರ ಕುಸಿತ ಎಂದರೇನು ತಿಳಿಯದು. ಅದಕ್ಕೆ ತಿಳಿಯುವುದು ಒಂದೇ: ತನ್ನನ್ನು ಎತ್ತಿಕೊಳ್ಳುವವರ ಮುಖ ಮತ್ತು ದನಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ನಡೆಸಿದರು. ಮಗುವಿನೊಡನೆ ನಗುತ್ತ ಆಡುತ್ತಿದ್ದ ತಾಯಿಗೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿದರು. ಮಗು ಮೊದಲು ನಕ್ಕು ಕರೆಯಿತು, ಕೈ ಚಾಚಿತು, ಕೊನೆಗೆ ಮುಖ ತಿರುಗಿಸಿಕೊಂಡು ಕುಗ್ಗಿತು. ಕೆಲವೇ ನಿಮಿಷಗಳಲ್ಲಿ ಇಷ್ಟಾದರೆ, ತಿಂಗಳುಗಟ್ಟಲೆ ಕಲ್ಲಾದ ಮುಖದೆದುರು ಬೆಳೆಯುವ ಮಗುವಿನ ಪಾಡೇನು?

ಎಳೆಯ ಮಗುವಿಗೆ ತನ್ನ ಭಯವನ್ನು ತಾನೇ ತಣಿಸಿಕೊಳ್ಳಲು ಬರುವುದಿಲ್ಲ. ದೊಡ್ಡವರು ಎದೆಗವಚಿಕೊಂಡು ಬೆನ್ನು ತಟ್ಟಿದಾಗಲೇ ಅದರ ಎದೆಬಡಿತ ನಿಧಾನವಾಗುತ್ತದೆ. ಈ ಆಸರೆ ಸಿಗದೆ ದಿನವೂ ಹೆದರಿಕೆಯಲ್ಲೇ ಕಳೆದರೆ ನಿದ್ರೆ, ಹಸಿವು, ಮಾತು ಕಲಿಯುವುದು ಎಲ್ಲವೂ ಏರುಪೇರಾಗುತ್ತವೆ. ಮೆದುಳು ಅತಿ ವೇಗವಾಗಿ ಬೆಳೆಯುವುದೂ ಈ ಮೊದಲ ವರ್ಷಗಳಲ್ಲೇ ಎಂಬುದನ್ನು ಮರೆಯಬಾರದು.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಅಲ್ಲಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುವಿಹಾರಗಳನ್ನು ನಡೆಸಿದರು. ಬಾಂಬಿನ ಸದ್ದಿಗಿಂತ ತಾಯಿಯಿಂದ ಅಗಲುವುದು ಮತ್ತು ತಾಯಿಯ ಗಾಬರಿ ಎಳೆಯ ಮಕ್ಕಳನ್ನು ಹೆಚ್ಚು ಕಾಡುತ್ತವೆ ಎಂದು ಅವರು ಗಮನಿಸಿದರು. ಧೈರ್ಯದಿಂದಿದ್ದ ತಾಯಿಯ ಮಡಿಲಲ್ಲಿ ಮಕ್ಕಳು ಅಂಥ ರಾತ್ರಿಗಳನ್ನೂ ದಾಟಿದರು.

ತಾಯಿಗೆ ಆಸರೆ, ಮಗುವಿಗೆ ತೂಕ

ಹೊಟ್ಟೆಗೆ ಹಿಟ್ಟಿಲ್ಲದಾಗ ಮನಸ್ಸಿನ ಮಾತೇಕೆ, ಮೊದಲು ಪರಿಹಾರಧನ ಕೊಡಿ ಎಂಬ ವಾದವೂ ಇದೆ. ಪರಿಹಾರಧನ ಬೇಕೇ ಬೇಕು. ಆದರೆ ಅದೊಂದೇ ಸಾಲದು ಎಂಬುದಕ್ಕೆ ಬೋಸ್ನಿಯಾದ ಅನುಭವ ನೋಡಿ. 1992ರಿಂದ 1995ರವರೆಗೆ ಅಲ್ಲಿ ಘೋರ ಯುದ್ಧ ನಡೆಯಿತು. ಮನೆಮಠ ಕಳೆದುಕೊಂಡ 87 ತಾಯಂದಿರು ಮತ್ತು ಅವರ ಪುಟ್ಟ ಮಕ್ಕಳನ್ನು ಕುರಿತ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ವೈದ್ಯಕೀಯ ನೆರವು ಸಿಕ್ಕಿತು. ಅವರಲ್ಲಿ ಒಂದು ಗುಂಪಿನ ತಾಯಂದಿರು ಮಾತ್ರ ಅದರ ಜೊತೆಗೆ ಐದು ತಿಂಗಳ ಕಾಲ ವಾರಕ್ಕೊಮ್ಮೆ ಒಟ್ಟಿಗೆ ಕೂತು ತಮ್ಮ ಕಷ್ಟ ಹೇಳಿಕೊಂಡರು, ಮಕ್ಕಳೊಡನೆ ಆಡುವ, ಮಾತಾಡುವ ಬಗೆಯನ್ನು ಚರ್ಚಿಸಿದರು. ಈ ತಾಯಂದಿರ ಮನಸ್ಸು ಸುಧಾರಿಸಿತು. ಅವರ ಮಕ್ಕಳ ತೂಕವೂ ಇನ್ನೊಂದು ಗುಂಪಿನ ಮಕ್ಕಳಿಗಿಂತ ಹೆಚ್ಚಿತು. ನಮ್ಮ ಗಾದೆಯನ್ನೇ ತಿರುವಿ ಹೇಳಿದಂತಾಯಿತು.

ನಮ್ಮ ಪಕ್ಕದ ಗೋವೆಯಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಬಾಣಂತನದಲ್ಲಿ ಖಿನ್ನತೆಗೆ ಒಳಗಾದ ತಾಯಂದಿರ ಮಕ್ಕಳಲ್ಲಿ ಆರು ತಿಂಗಳ ಹೊತ್ತಿಗೆ ಬೆಳವಣಿಗೆ ಕುಂಠಿತವಾಗುವ ಸಂಭವ ಹೆಚ್ಚಿತ್ತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾಗಿ ಆರು ತಿಂಗಳಾದಾಗ ಇಂಥ ನೆರವು ಪಡೆದವರಲ್ಲಿ ಶೇ. 23ರಷ್ಟು ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಪಡೆಯದವರಲ್ಲಿ ಅದು ಶೇ. 53. ಮಕ್ಕಳ ತೂಕ, ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಭೇದಿ ಕಡಿಮೆಯಾಯಿತು, ಲಸಿಕೆ ಹಾಕಿಸಿದವರು ಹೆಚ್ಚಾದರು.

ಸಂಘರ್ಷ ನಡೆದ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಯಾವುದಾದರೊಂದು ಮಾನಸಿಕ ಬೇನೆಯಿಂದ ಬಳಲುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಆ ಐವರಲ್ಲಿ ಒಬ್ಬರ ಮಡಿಲಲ್ಲಿ ಕೂಸಿದ್ದರೆ ನೊಂದವರು ಇಬ್ಬರು.

ಗುರುತಿಸುವುದು ಹೇಗೆ?

ನಮ್ಮ ಹೆಣ್ಣುಮಕ್ಕಳು ‘ನನಗೆ ಖಿನ್ನತೆ ಆಗಿದೆ’ ಎಂದು ಹೇಳುವುದಿಲ್ಲ. ‘ತಲಿ ನೋಯ್ತದ, ಮೈಕೈ ಹಿಡಕೊಂಡದ, ಎದಿ ಡವಡವ ಅಂತದ’ ಎನ್ನುತ್ತಾರೆ. ಊಟ ಸೇರದಿರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಸಣ್ಣದಕ್ಕೂ ಸಿಟ್ಟು ಅಥವಾ ಅಳು, ಮಗುವಿನ ಬಗ್ಗೆಯೂ ಆಸಕ್ತಿ ಹೋಗುವುದು, ‘ಬದುಕಿ ಏನು ಮಾಡಬೇಕು’ ಎಂಬ ಮಾತು ಇವೆಲ್ಲ ಎಚ್ಚರಿಕೆಯ ಗಂಟೆಗಳು. ಎರಡು ಪ್ರಶ್ನೆಗಳನ್ನು ಯಾರು ಬೇಕಾದರೂ ಕೇಳಬಹುದು: ಕಳೆದ ಎರಡು ವಾರಗಳಲ್ಲಿ ಮನಸ್ಸು ಬಹುಪಾಲು ಕುಗ್ಗಿದಂತಿದೆಯೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲವೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಸಲಹೆ ಬೇಕು.

ಮಗುವಿನಲ್ಲಿಯೂ ಚಿಹ್ನೆಗಳಿರುತ್ತವೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುತ್ತದೆ. ಹೆಬ್ಬೆರಳು ಚೀಪುವುದು, ನಿದ್ದೆಯಲ್ಲಿ ಬೆಚ್ಚುವುದು, ಒಂದು ಕ್ಷಣವೂ ಬಿಟ್ಟಿರದೆ ಅಂಟಿಕೊಳ್ಳುವುದು, ಆಟದಲ್ಲಿ ಹೊಡೆದಾಟವನ್ನೇ ಮತ್ತೆ ಮತ್ತೆ ಆಡುವುದು, ಕಲಿತ ಮಾತು ನಿಲ್ಲುವುದು ಇವನ್ನು ಹಟ ಎಂದು ತಿಳಿದು ಹೊಡೆಯಬೇಡಿ.

ಸಾಕುವವರೆಂದರೆ ತಾಯಿಯೊಬ್ಬಳೇ ಅಲ್ಲ. ಅಜ್ಜಿ, ಅಕ್ಕ, ತಂದೆ ಯಾರಾದರೂ ಆಗಿರಬಹುದು. ಗಂಡಸರು ದುಃಖವನ್ನು ಕುಡಿತದಲ್ಲೋ ಮೌನದಲ್ಲೋ ಮುಚ್ಚಿಡುತ್ತಾರೆ. ಅವರನ್ನೂ ಮಾತಾಡಿಸಬೇಕು.

ಮನೆಯವರು, ನೆರೆಯವರು ಏನು ಮಾಡಬಹುದು?

ಮೊದಲನೆಯದಾಗಿ, ನೊಂದವಳಿಗೆ ನಿದ್ರೆ ಕೊಡಿ. ಒಂದು ರಾತ್ರಿ ಮಗುವನ್ನು ನೀವು ನೋಡಿಕೊಂಡರೆ ಅದು ಹತ್ತು ಉಪದೇಶಕ್ಕಿಂತ ಮಿಗಿಲು. ಎರಡು ಹೊತ್ತಿನ ರೊಟ್ಟಿ ಬಡಿದು ಕೊಟ್ಟರೆ ಅದೂ ಚಿಕಿತ್ಸೆಯೇ.

ಎರಡನೆಯದಾಗಿ, ಕೇಳಿಸಿಕೊಳ್ಳಿ, ಕೆದಕಬೇಡಿ. ಬಂದವರೆಲ್ಲ ‘ಹೇಗಾಯಿತು ಹೇಳು’ ಎಂದು ಮತ್ತೆ ಮತ್ತೆ ಹೇಳಿಸುವುದರಿಂದ ಗಾಯ ಮಾಯುವುದಿಲ್ಲ. ಅವಳೇ ಹೇಳತೊಡಗಿದರೆ ತಡೆಯಬೇಡಿ, ‘ಅಳಬೇಡ, ಧೈರ್ಯ ತಗೋ’ ಎಂದು ಬಾಯಿ ಮುಚ್ಚಿಸಬೇಡಿ.

ಮೂರನೆಯದಾಗಿ, ಮಗುವಿನ ದಿನಚರಿಯನ್ನು ಕಾಪಾಡಿ. ಅದೇ ಹೊತ್ತಿಗೆ ಊಟ, ಸ್ನಾನ, ನಿದ್ರೆ, ಅದೇ ಅಂಗನವಾಡಿ. ಟೀವಿಯಲ್ಲಿ, ಮೊಬೈಲಿನಲ್ಲಿ ಬೆಂಕಿ, ರಕ್ತದ ದೃಶ್ಯಗಳು ಮಗುವಿನ ಕಣ್ಣಿಗೆ ಬೀಳದಿರಲಿ.

ನಾಲ್ಕನೆಯದಾಗಿ, ಎರಡು ವಾರ ಕಳೆದರೂ ಸುಧಾರಿಸದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ. ಆ ದಿನವೇ ನೆರವು ಪಡೆಯಿರಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಸರ್ಕಾರ ಮಾಡಬೇಕಾದುದು

ಇಷ್ಟೊಂದು ಮನೋವೈದ್ಯರನ್ನು ಎಲ್ಲಿಂದ ತರುವುದು ಎಂದು ಅಧಿಕಾರಿಗಳು ಕೈಚೆಲ್ಲುವುದುಂಟು. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿ ಹಳ್ಳಿಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2002ರ ಗುಜರಾತ್ ಗಲಭೆಯ ನಂತರ ಇದೇ ಸಂಸ್ಥೆಯ ತಜ್ಞರು ಅಲ್ಲಿನ ಸ್ಥಳೀಯ ಕಾರ್ಯಕರ್ತರನ್ನು ನೊಂದವರಿಗೆ ಆಸರೆಯಾಗುವಂತೆ ತಯಾರು ಮಾಡಿದರು. ದಾರಿ ಗೊತ್ತಿದೆ; ನಡೆಯುವುದಷ್ಟೇ ಬಾಕಿ.

ಗಲಭೆ, ಗೋಲಿಬಾರ್ ನಡೆದ ಊರಿನಲ್ಲಿ ತಹಶೀಲ್ದಾರರು ನಷ್ಟದ ಪಟ್ಟಿ ಮಾಡುವಾಗ ಇನ್ನೊಂದು ಕಲಂ ಸೇರಿಸಲಿ: ಈ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ಅವರನ್ನು ಸಾಕುತ್ತಿರುವವರು ಯಾರು? ಬಂಧಿತರ ಮನೆಗಳೂ ಈ ಪಟ್ಟಿಯಲ್ಲಿರಲಿ. ಅಪ್ಪನ ಮೇಲೆ ಯಾವ ಮೊಕದ್ದಮೆಯೇ ಇರಲಿ, ಕೂಸು ಆರೋಪಿಯಲ್ಲ. ಆ ಮನೆಗಳಿಗೆ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆಯಂತೆ ಕನಿಷ್ಠ ಆರು ತಿಂಗಳು ಹೋಗಿಬರಲಿ. ಪರಿಹಾರಕ್ಕಾಗಿ ವಿಧವೆಯನ್ನು ಹತ್ತು ಕಚೇರಿ ಅಲೆಸಿ ಹತ್ತು ಸಲ ಅದೇ ಕಥೆ ಹೇಳಿಸುವುದು ನಿಲ್ಲಲಿ.

ತಾಯಂದಿರು ಸೇರಲು ಹೊಸ ಕಟ್ಟಡ ಬೇಕಿಲ್ಲ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಾಗಿ ನಮ್ಮ ಹಳ್ಳಿಗಳಲ್ಲಿ ಅಂಗನವಾಡಿ ಇದೆ. 2017ರ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರನ್ನು ಬಿಸಿಯೂಟಕ್ಕೆ ಅಲ್ಲಿಗೇ ಕರೆಯಿತು. ವಾರಕ್ಕೊಂದು ಗಂಟೆ ಅದೇ ಚಾಪೆಯ ಮೇಲೆ ತಾಯಂದಿರು ಕೂತು ಮಾತಾಡಲಿ. ಬೋಸ್ನಿಯಾದಲ್ಲಿ ಆದದ್ದು ಮೇಡ್ಲೇರಿಯಲ್ಲಿ ಆಗದೆಂದು ಹೇಳಲು ಕಾರಣವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಈಗಾಗಲೇ ಹತ್ತಾರು ರಿಜಿಸ್ಟರು ಹೊತ್ತ ಅಂಗನವಾಡಿ, ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಇದನ್ನೂ ಪುಕ್ಕಟೆ ಹೊರಿಸಬಾರದು. ಅವರೂ ಅದೇ ಊರಿನವರು, ಅದೇ ಗಲಭೆಯಲ್ಲಿ ಬೆದರಿದವರು. ತರಬೇತಿ, ತಕ್ಕ ಗೌರವಧನ, ತಮ್ಮ ದುಗುಡ ಹೇಳಿಕೊಳ್ಳಲು ಒಬ್ಬ ಮೇಲ್ವಿಚಾರಕರು ಇವಿಷ್ಟನ್ನು ಅವರಿಗೆ ಕೊಡದಿದ್ದರೆ ಯೋಜನೆ ಕಾಗದದ ಮೇಲೆಯೇ ಉಳಿಯುತ್ತದೆ.

ಊರಿನ ಜಗಳ ಎಂದಾದರೂ ತೀರುತ್ತದೆ. ಮೊಕದ್ದಮೆ ಮುಗಿಯುತ್ತದೆ, ದರ ಏರುತ್ತದೆ. ಆದರೆ ಮಗುವಿನ ಮೂರನೆಯ ವರ್ಷ ಮರಳಿ ಬರುವುದಿಲ್ಲ. ಆದ್ದರಿಂದ ಮುಂದಿನ ಸಲ ನೊಂದ ಮನೆಯ ಹೊಸ್ತಿಲು ತುಳಿದಾಗ ಕೂಸಿನ ಕೈಗೆ ಬಿಸ್ಕತ್ತು ಕೊಟ್ಟು ಹೊರಡಬೇಡಿ. ಅದರ ತಾಯಿಯ ಪಕ್ಕದಲ್ಲಿ ಕೂತು, ‘ನೀ ಹ್ಯಾಂಗಿದ್ದೀ, ರಾತ್ರಿ ನಿದ್ದಿ ಬರ್ತದೇನು?’ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.