ಮನೆಗೊಂದು ವಿಮಾನವೆಂಬ ಮರೀಚಿಕೆ

ಕಳೆದ ತಿಂಗಳ ಗೋಷ್ಠಿಯಲ್ಲಿ ನಮ್ಮ ಸಂಘದ ತರುಣ ಸದಸ್ಯರೊಬ್ಬರು ವಿಮಾನಯುಗದ ವಿಷಯವಾಗಿ ಉಪನ್ಯಾಸವೊಂದನ್ನು ಕೊಟ್ಟರು. ಮಾತಿನ ಓಟವು ಮೆಚ್ಚತಕ್ಕದ್ದಾಗಿತ್ತು. ಮಾತು ಹೋಗಿ ಮುಟ್ಟಿದ ಠಾವು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ವೇಳೆ ಮೀರಿದ್ದರಿಂದ ಅಂದು ಸುಮ್ಮನಿದ್ದೆನು. ಸಂಪಾದಕ ಮಹಾಶಯರ ಅನುಮತಿಯಿಂದ ನನ್ನ ಆಕ್ಷೇಪವನ್ನು ಇಲ್ಲಿ ನಿವೇದಿಸುತ್ತೇನೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಎತ್ತಿ ಹೇಳದೆ ಸಿದ್ಧಾಂತಕ್ಕೆ ಕೈಹಾಕಬಾರದೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಲಿಸಿದ್ದರು. ಆದುದರಿಂದ ಮೊದಲು ಅವರ ವಾದ. ಮೋಟಾರು ಕಾರು ಮೊದಲು ಬಂದಾಗ ಅದು ರಾಜರ ಮತ್ತು ದೊಡ್ಡ ಜಮೀನ್ದಾರರ ಸೊತ್ತಾಗಿದ್ದಿತು. ಇಂದು ನಮ್ಮ ದೇರೆಬೈಲಿನಲ್ಲಿ ಅಂಗಳಕ್ಕೊಂದು ನಿಂತಿದೆ. ರೈಟ್ ಸಹೋದರರು ಹಾರಿದ್ದು 1903 ರಲ್ಲಿ. ನೂರಿಪ್ಪತ್ತು ವರ್ಷಗಳು ಕಳೆದರೂ ನಮ್ಮಲ್ಲಿ ಸಣ್ಣದೊಂದು ಸ್ವಂತ ವಿಮಾನವನ್ನಿಟ್ಟುಕೊಂಡ ಗೃಹಸ್ಥನು ಕಾಣಸಿಗುವುದಿಲ್ಲ. ಇದಕ್ಕೆ ಕಾರಣ ಎರಡೇ: ಸರಕಾರದ ಸುಂಕ ಮತ್ತು ನಮ್ಮ ಜನರ ಅಂಜಿಕೆ. ಇವೆರಡೂ ತೊಲಗಿದರೆ ಮನೆಗೊಂದು ವಿಮಾನ ಬಂದೀತು. ಬಾರದಿರುವುದು ನಮ್ಮ ಹಿಂದುಳಿದಿರುವಿಕೆಯ ಗುರುತು. ಇಷ್ಟು ಅವರ ಮಾತಿನ ಸಾರ.

ಸುಂಕ ಭಾರವಾದುದೆಂಬುದು ದಿಟ. 2025 ನೆಯ ಸೆಪ್ಟೆಂಬರ್ 22 ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ದರಗಳಂತೆ ಸ್ವಂತ ಉಪಯೋಗದ ವಿಮಾನಕ್ಕೆ ಶೇಕಡಾ 40 ತೆರಬೇಕು. ಆ ಪಟ್ಟಿಯಲ್ಲಿ ಅದರ ನೆರೆಹೊರೆಯವರು ಯಾರೆಂದರೆ ವಿಹಾರನೌಕೆ, ರಿವಾಲ್ವರು, ಪಿಸ್ತೂಲು ಮತ್ತು ಸಕ್ಕರೆ ಬೆರೆಸಿದ ಸೋಡಾ ಪಾನೀಯಗಳು. ಒಂದು ವಿದ್ಯೆಯ ಸಾಧನವನ್ನು ಇಂಥ ಪಂಕ್ತಿಯಲ್ಲಿ ಕುಳ್ಳಿರಿಸಿದ್ದು ಸರಸವಾದ ಕೆಲಸವಲ್ಲ. ಆದರೆ ನಮ್ಮ ಮಿತ್ರರು ಹೇಳದೆ ಬಿಟ್ಟ ಅಂಶವೊಂದುಂಟು. ಸ್ವಂತ ಉಪಯೋಗದ್ದಲ್ಲದ ವಿಮಾನಗಳಿಗೆ ಅದೇ ತೆರಿಗೆಯು ಶೇಕಡಾ 5 ಮಾತ್ರ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವುದು.

ಇನ್ನು ಸುಂಕವೇ ಕಾರಣವೆಂಬ ಹೇತುವನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸೋಣ. ಆ ತಡೆಯು ಇಲ್ಲದ ಕಡೆ ವಿಮಾನವು ಮನೆಮನೆಗೂ ಬಂದಿರಬೇಕು; ಬಂದಿರದಿದ್ದರೆ ಹೇತುವು ಬೇರೆ. ಅಮೇರಿಕಾ ದೇಶವನ್ನು ತೆಗೆದುಕೊಳ್ಳಿ. ಅಲ್ಲಿ ಹಣವುಂಟು, ಸಮತಟ್ಟಾದ ಬಯಲುಂಟು, ಸಾರ್ವಜನಿಕರ ಉಪಯೋಗಕ್ಕೆ ತೆರೆದ ವಿಮಾನ ನಿಲ್ದಾಣಗಳೇ ಸುಮಾರು 5,000 ಉಂಟು. ಅಲ್ಲಿಯ ಸೆಸ್ನಾ ಕಂಪೆನಿಯ 172 ಎಂಬ ನಾಲ್ಕು ಆಸನಗಳ ವಿಮಾನವು 1955 ರಲ್ಲಿ ಮೊದಲು ಹಾರಿತು. ಇದುವರೆಗೆ 44,000 ಕ್ಕೂ ಮಿಕ್ಕಿ ತಯಾರಾಗಿ, ಜಗತ್ತಿನಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ಮಾಡಲ್ಪಟ್ಟ ವಿಮಾನವೆಂಬ ಕೀರ್ತಿಯನ್ನು ಪಡೆದಿದೆ. 1978 ರಲ್ಲಿ ಆ ದೇಶದ ಕಾರ್ಖಾನೆಗಳು ಒಂದೇ ವರ್ಷದಲ್ಲಿ 17,000 ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಹೊರತಂದವು. ಆ ಬಳಿಕ ಏರುವ ಬದಲು ಇಳಿಯಿತು. ಅಪಘಾತದ ವ್ಯಾಜ್ಯಗಳೂ ವಿಮೆಯ ವೆಚ್ಚವೂ ಹೆಚ್ಚಿ, 1986 ರಲ್ಲಿ ಸೆಸ್ನಾ ಕಂಪೆನಿಯೇ ಪಿಸ್ಟನ್ ಎಂಜಿನಿನ ಸಣ್ಣ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಿಬಿಟ್ಟಿತು. 1994 ರಲ್ಲಿ ಒಟ್ಟು ತಯಾರಿಕೆ ಒಂದು ಸಾವಿರಕ್ಕೂ ಕೆಳಗಿಳಿಯಿತು. ಹದಿನೆಂಟು ವರ್ಷಗಳಿಗೂ ಹಳೆಯದಾದ ವಿಮಾನದ ಬಾಬತು ತಯಾರಕರ ಮೇಲೆ ದಾವೆ ಹೂಡಕೂಡದೆಂದು ಅದೇ ವರ್ಷ ಶಾಸನವಾದ ಮೇಲೆಯೇ ಕಂಪೆನಿಯು ಆ ಕೆಲಸಕ್ಕೆ ಮರಳಿತು. ಇಂದಿಗೂ ಮೂವತ್ತಮೂರು ಕೋಟಿಗೂ ಮಿಕ್ಕಿದ ಜನರಿರುವ ಆ ದೇಶದಲ್ಲಿ ಸಣ್ಣ ದೊಡ್ಡ ಖಾಸಗಿ ಬಳಕೆಯ ವಿಮಾನಗಳೆಲ್ಲ ಕೂಡಿ ಎರಡು ಲಕ್ಷದ ಆಸುಪಾಸಿನಲ್ಲಿವೆ. ಮನೆಗೊಂದು ಹಾಗಿರಲಿ, ಊರಿಗೊಂದು ಎನ್ನುವಷ್ಟೇ ಆಯಿತು. ನಮ್ಮ ಸುಂಕವೂ ನಮ್ಮ ಅಂಜಿಕೆಯೂ ಅಲ್ಲಿಲ್ಲ. ಆದರೂ ಕಾರ್ಯವು ಕಾಣುತ್ತಿಲ್ಲ. ಆದ್ದರಿಂದ ಮಿತ್ರರ ಹೇತುವು ಹೇತ್ವಾಭಾಸವು.

ಹಾಗಾದರೆ ನಿಜವಾದ ಕಾರಣವೇನು? ವಿಮಾನಕ್ಕೆ ಬೇಕಾದುದು ಆಕಾಶವೆಂದು ನಾವೆಲ್ಲರೂ ಭಾವಿಸುತ್ತೇವೆ. ಆಕಾಶವು ಎಲ್ಲರಿಗೂ ಧರ್ಮಾರ್ಥವಾಗಿ ಸಿಕ್ಕುವುದು. ಅದಕ್ಕೆ ಬೇಕಾದುದು ನೆಲ. ಕಾರು ಬಂದಾಗ ಅದಕ್ಕೆ ಬೇಕಾದ ದಾರಿಯನ್ನು ಎತ್ತಿನ ಗಾಡಿಯು ಮೊದಲೇ ಮಾಡಿಟ್ಟಿದ್ದಿತು, ಮತ್ತು ಆ ದಾರಿಯು ಪ್ರತಿಯೊಂದು ಮನೆಯ ಬಾಗಿಲಿಗೂ ಹೋಗುತ್ತಿದ್ದಿತು. ವಿಮಾನಕ್ಕಾದರೋ ಏಳುವಲ್ಲಿ ಒಂದು, ಇಳಿಯುವಲ್ಲಿ ಒಂದು, ಹೀಗೆ ಎರಡು ಬಯಲುಗಳು ಬೇಕು. ಸೆಸ್ನಾದಂಥ ಪುಟ್ಟ ವಿಮಾನವೂ ಮರದ ತಲೆಗಳನ್ನು ದಾಟಿ ಏಳಬೇಕಾದರೆ ಸುಮಾರು 500 ಮೀಟರು ಉದ್ದದ ಓಟದ ಹಾದಿಯನ್ನು ಬೇಡುತ್ತದೆ. ತೆಂಗು, ಕಂಗು, ಗುಡ್ಡ, ಬೈಲುಗಳಿಂದ ಕೂಡಿದ ನಮ್ಮ ಸೀಮೆಯಲ್ಲಿ ಅಷ್ಟು ಉದ್ದದ ಸಮನೆಲ ಯಾರ ಹಿತ್ತಿಲಿನಲ್ಲಿದೆ?

ಉದಾಹರಣೆಗೆ, ದೇರೆಬೈಲಿನ ಗೃಹಸ್ಥನೊಬ್ಬನು ಮೂರು ಕೋಟಿ ರೂಪಾಯಿಗಳಿಗೂ ಮಿಕ್ಕಿದ ಬೆಲೆಯನ್ನೂ ಅದರ ಮೇಲಿನ ತೆರಿಗೆಯನ್ನೂ ತೆತ್ತು ಹೊಸ ವಿಮಾನವನ್ನು ತಂದನೆಂದು ಇಟ್ಟುಕೊಳ್ಳೋಣ. ಅವನ ಹತ್ತು ಪ್ರಯಾಣಗಳಲ್ಲಿ ಒಂಬತ್ತು ಪುತ್ತೂರಿಗೆ, ಉಡುಪಿಗೆ, ಕಾರ್ಕಳಕ್ಕೆ, ಕಾಸರಗೋಡಿಗೆ. ಅಲ್ಲೆಲ್ಲಿಯೂ ಇಳಿಯುವ ನೆಲವಿಲ್ಲ. ಉಳಿದ ಒಂದು ಪ್ರಯಾಣ ಬೆಂಗಳೂರಿಗೆ. ಮೊದಲು ಅವನು ಕಾರಿನಲ್ಲಿ ಕೂತು ಬಜಪೆಗೆ ಹೋಗಬೇಕು. ವಿಮಾನವನ್ನು ಮೂಗಿನಿಂದ ಬಾಲದವರೆಗೆ ತಾನೇ ಪರೀಕ್ಷಿಸಿ, ಹವೆಯ ವರ್ತಮಾನವನ್ನು ತಿಳಿದು, ಹಾರಾಟದ ವಿವರವನ್ನು ಸಲ್ಲಿಸಿ, ವಾಯುರಕ್ಷಣೆಯ ಅನುಮತಿ ಸಂಖ್ಯೆಯನ್ನು ಪಡೆಯಬೇಕು. ಅದು ಕುಡಿಯುವುದು ಕಾರಿನ ಪೆಟ್ರೋಲನ್ನಲ್ಲ, ಜೆಟ್ಟಿನ ಎಣ್ಣೆಯನ್ನೂ ಅಲ್ಲ. ಏವಿಗ್ಯಾಸ್ ಎಂಬ ಬೇರೊಂದು ಇಂಧನವನ್ನು. 2022 ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ವಡೋದರೆಯ ಗುಜರಾತ್ ರಿಫೈನರಿಯಲ್ಲಿ ಅದನ್ನು ತಯಾರಿಸತೊಡಗುವವರೆಗೆ ಅದು ಪರದೇಶದಿಂದಲೇ ಬರುತ್ತಿದ್ದಿತು. ಈಗಲೂ ಎಲ್ಲ ನಿಲ್ದಾಣಗಳಲ್ಲಿ ಸಿಕ್ಕುವ ಪದಾರ್ಥವಲ್ಲ. ಇಷ್ಟಾಗಿ, ಗಂಟೆಗೆ 225 ಕಿಲೋಮೀಟರಿನಂತೆ ಘಟ್ಟದ ಮೋಡಗಳನ್ನು ತಪ್ಪಿಸಿಕೊಂಡು ಜಕ್ಕೂರಿನಲ್ಲಿ ಇಳಿದನೆನ್ನಿ. ಅಲ್ಲಿಂದ ಮತ್ತೆ ಬಾಡಿಗೆಯ ಕಾರು. ಕಣ್ಣಳತೆಯಿಂದ ಹಾರುವವರಿಗೆ ಸೂರ್ಯಾಸ್ತದ ಬಳಿಕ ಸಾಮಾನ್ಯವಾಗಿ ಹಾರಾಟವಿಲ್ಲ. ಆದುದರಿಂದ ಮದುವೆಯ ಮಾತುಕತೆ ಸಂಜೆಯವರೆಗೆ ಬೆಳೆದರೆ ಅಂದಿನ ರಾತ್ರಿ ಬೀಗರ ಮನೆಯಲ್ಲಿಯೇ ವಾಸ. ಅದೇ ಬಜಪೆಯಿಂದ ಟಿಕೀಟು ಕೊಂಡು ದೊಡ್ಡ ವಿಮಾನವನ್ನೇರಿದ ಅವನ ನೆರೆಯವನು ಒಂದು ಗಂಟೆಯಲ್ಲಿ ಬೆಂಗಳೂರನ್ನು ಸೇರಿ, ಕೆಲಸ ತೀರಿಸಿ, ರಾತ್ರಿಯ ಊಟಕ್ಕೆ ದೇರೆಬೈಲಿಗೆ ಮರಳಿಯೂ ಬಂದಾನು. ವಾಹನವು ಒಡೆಯನನ್ನು ಹೊರುವ ಬದಲು ಒಡೆಯನೇ ವಾಹನವನ್ನು ಹೊತ್ತಂತಾಯಿತು.

ಅಂಜಿಕೆಯ ಮಾತಿಗೆ ಬರೋಣ. 2010 ನೆಯ ಮೇ 22 ರ ಪ್ರಾತಃಕಾಲವನ್ನು ಈ ಊರಿನವರು ಮರೆಯುವಂತಿಲ್ಲ. ಪದವನ್ನು ಕಡಿದು ಮಾಡಿದ ಬಜಪೆಯ 2,450 ಮೀಟರಿನ ಹಾದಿಯಿಂದ ಮುಂದಕ್ಕೆ ಜಾರಿದ ದುಬಾಯಿಯ ವಿಮಾನವು ಕಮರಿಗೆ ಬಿದ್ದು 158 ಜನರು ಮಡಿದರು. ಎಂಟು ಜನರು ಮಾತ್ರ ಬದುಕಿದರು. ಹಾರಿಸುತ್ತಿದ್ದವರು ಹತ್ತು ಸಾವಿರ ಗಂಟೆಗಳಿಗೂ ಮೀರಿದ ಅನುಭವವುಳ್ಳವರು. ಇಳಿಯುವ ಕ್ರಮವು ಕೆಟ್ಟಿತ್ತು, ಸಹಚಾಲಕನು ಮತ್ತೆ ಮೇಲೇರುವಂತೆ ಎಚ್ಚರಿಸಿದ್ದರೂ ಇಳಿಯುವ ಪ್ರಯತ್ನವನ್ನು ಬಿಡಲಿಲ್ಲವೆಂದು ತನಿಖಾ ನ್ಯಾಯಾಲಯವು ನಿರ್ಣಯಿಸಿತು. ಅಷ್ಟು ಅಭ್ಯಾಸವಿದ್ದವರಿಗೂ ಒಂದು ಕ್ಷಣದ ಹಟವು ಹೀಗೆ ಮಾಡಿತು. ಖಾಸಗಿ ಚಾಲಕನ ಪರವಾನಿಗೆಗೆ ಬೇಕಾದುದು ಕನಿಷ್ಠ 40 ಗಂಟೆಗಳ ಹಾರಾಟ. ಭಾನುವಾರಕ್ಕೊಮ್ಮೆ ಹಾರುವ ಗೃಹಸ್ಥನಲ್ಲಿ ಅಂಜಿಕೆ ಇರುವುದು ದೋಷವೆಂದು ನಾನು ಎಣಿಸುವುದಿಲ್ಲ, ಅದು ವಿವೇಕವು. ವಿದ್ಯೆಯು ಅಭ್ಯಾಸದಿಂದ ನಿಲ್ಲುತ್ತದೆ. ಕಾರನ್ನು ದಿನವೂ ನಡೆಸಿ ಅಭ್ಯಾಸವನ್ನು ಉಳಿಸಿಕೊಳ್ಳಬಹುದು; ವರ್ಷಕ್ಕೆ ಹತ್ತಾರು ಗಂಟೆ ಹಾರುವವನ ಅಭ್ಯಾಸವು ತುಕ್ಕುಹಿಡಿಯುವುದು, ಎಂಜಿನು ಅದಕ್ಕಿಂತ ಮೊದಲೇ ತುಕ್ಕುಹಿಡಿಯುವುದು.

ಇಲ್ಲಿಯವರೆಗೆ ಖಂಡನೆಯಾಯಿತು. ಖಂಡನೆಯೊಂದರಿಂದಲೇ ಯಾರ ಹೊಟ್ಟೆಯೂ ತುಂಬದು, ಈಗ ಸಿದ್ಧಾಂತ. ನಮ್ಮ ಕರಾವಳಿಯ ಮೊಗವೀರರ ರಂಪಣಿ ಬಲೆಯನ್ನು ವೃದ್ಧ ವಾಚಕರು ಕಂಡಿರುವರು. ಒಂದು ಮನೆಯವರು ಕೊಳ್ಳಲೂ ಆರದ, ಎಳೆಯಲೂ ಆರದ ಮಹಾಜಾಲವದು. ಆದುದರಿಂದ ಹಲವು ಮನೆಗಳವರು ಕೂಡಿ ಪಾಲು ಹಾಕಿ ಅದನ್ನು ಕಟ್ಟಿದರು, ಕೂಡಿಯೇ ಎಳೆದರು, ಬಂದ ಮೀನನ್ನು ಪಾಲಿನಂತೆ ಹಂಚಿಕೊಂಡರು. 1970 ರ ದಶಕದಲ್ಲಿ ಯಂತ್ರದ ದೋಣಿಗಳು ಹೆಚ್ಚಿ ರಂಪಣಿ ಕುಗ್ಗಿತಾದರೂ ಅದರ ನೀತಿಯು ಕುಗ್ಗಿಲ್ಲ. ಸಣ್ಣ ವಿಮಾನವೂ ರಂಪಣಿಯ ಜಾತಿಯದು. ಅದು ಮನೆಯ ಸೊತ್ತಾಗಲು ಹುಟ್ಟಿದುದಲ್ಲ, ಕೂಟದ ಸೊತ್ತಾಗಿ ಬಾಳತಕ್ಕದ್ದು.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1929 ನೆಯ ಫೆಬ್ರವರಿ 10 ರಂದು ಭಾರತದ ಮೊದಲನೆಯ ವಿಮಾನಚಾಲಕ ಪರವಾನಿಗೆಯನ್ನು ಪಡೆದ ಜೆ. ಆರ್. ಡಿ. ಟಾಟಾ ಅವರು ಸಿರಿವಂತರ ಮನೆಯವರಾದರೂ ಹಾರಲು ಕಲಿತದ್ದು ಬೊಂಬಾಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ. 1940 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಕಾರ್ಖಾನೆಯು ಇಬ್ಬರು ಕೂರತಕ್ಕ ಪುಟ್ಟ ವಿಮಾನವೊಂದನ್ನು ಮಾಡಿತು. 1958 ರಲ್ಲಿ ಹಾರಿದ ಅದರ ಹೆಸರು ಪುಷ್ಪಕ. ಬೆಂಗಳೂರಿನದೇ ಆದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯ ಹನ್ಸ ವಿಮಾನವು 1993 ನೆಯ ನವೆಂಬರ್ 17 ರಂದು ಮೊದಲು ಹಾರಿತು. ಅದರ ಹೊಸ ಪೀಳಿಗೆಯು 2021 ನೆಯ ಸೆಪ್ಟೆಂಬರ್ 3 ರಂದು. ಪುಷ್ಪಕವನ್ನೂ ಹನ್ಸವನ್ನೂ ಮಾಡಿದವರ ಕಣ್ಣಿನ ಮುಂದಿದ್ದುದು ಕ್ಲಬ್ಬು ಮತ್ತು ಶಾಲೆ. ಶೇಕಡಾ 40 ಮತ್ತು 5 ರ ಅಂತರವನ್ನು ಇಲ್ಲಿ ನೆನೆಯಿರಿ. ಶಾಸನವು ಕೂಡಿ ಬಳಸುವವರಿಗೆ ಬಾಗಿಲನ್ನು ಮುಚ್ಚಿಲ್ಲ. ಆ ಬಾಗಿಲಿನವರೆಗೆ ನಾವೇ ನಡೆದುಹೋಗಿಲ್ಲ.

ನನ್ನ ಜಗಳವಿರುವುದು ಈ ವಿಷಯದಲ್ಲಿಯೇ. ಸ್ವಂತ ವಿಮಾನವಿಲ್ಲವೆಂದು ಮರುಗುವವರು ಈ ಜಿಲ್ಲೆಯಲ್ಲಿ ಹಾರುವ ಶಾಲೆಯೊಂದಿಲ್ಲವೆಂದು ಮರುಗಿದ್ದನ್ನು ನಾನು ಕೇಳಿಲ್ಲ. ಜಕ್ಕೂರಿನಲ್ಲಿ ಸರಕಾರದ ಶಾಲೆಯಿದೆ; ಮೈಸೂರಿನ ಮಂಡಕಳ್ಳಿಯಲ್ಲಿ ತರಬೇತಿ ನಡೆದಿದೆ; 2021 ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಬೆಳಗಾವಿ, ಕಲಬುರಗಿಗಳಲ್ಲಿ ಹೊಸ ಶಾಲೆಗಳಿಗೆ ಸ್ಥಳವನ್ನು ಕೊಟ್ಟಿತು. 1951 ನೆಯ ಡಿಸೆಂಬರ್ 25 ರಂದು ಪ್ರಧಾನಿ ನೆಹರೂ ಅವರು ಬಂದಿಳಿದ ಬಜಪೆಯುಳ್ಳ ನಮ್ಮ ಜಿಲ್ಲೆಗೆ ಮಾತ್ರ ಆ ಭಾಗ್ಯ ಬಂದಿಲ್ಲ. ವಾಣಿಜ್ಯ ಚಾಲಕನ ಪರವಾನಿಗೆಗೆ 200 ಗಂಟೆಗಳ ಹಾರಾಟವು ಬೇಕು. ಆ ಗಂಟೆಗಳನ್ನು ದೂರದೇಶದಲ್ಲಿ ಕೊಳ್ಳುವುದಕ್ಕಾಗಿ ಅಡಿಕೆ ತೋಟವನ್ನು ಅಡವಿಟ್ಟ ತಂದೆಯನ್ನು ನಾನು ಬಲ್ಲೆನು. ನನ್ನ ತರಗತಿಯಲ್ಲಿ ಗಣಿತದಲ್ಲಿ ಮೊದಲಿಗಳಾಗಿದ್ದು, ಅಡವಿಡಲು ತೋಟವಿಲ್ಲದ್ದರಿಂದ ಆ ಆಸೆಯನ್ನೇ ಬಿಟ್ಟ ಹುಡುಗಿಯನ್ನೂ ಬಲ್ಲೆನು. ಒಬ್ಬ ಸಿರಿವಂತನಿಗೆ ವಿಮಾನ ಬಾರದಿದ್ದರೆ ನಷ್ಟವಾಗುವುದು ಅವನ ವಿನೋದ. ಆ ಹುಡುಗಿಗೆ ಶಾಲೆ ಬಾರದಿದ್ದರೆ ನಷ್ಟವಾಗುವುದು ಒಂದು ಜೀವಮಾನ.

ಎರಡು ಆಕ್ಷೇಪಗಳು ಏಳುವವು. ಮೊದಲನೆಯದು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಸಣ್ಣ ವಿಮಾನಕ್ಕೆ ಕೆಲಸ ಕಡಮೆ ಎಂಬುದನ್ನು ಒಪ್ಪುತ್ತೇನೆ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಬಲೆಯನ್ನು ಹೆಣೆಯುತ್ತ ಕೂರುವ ಜನರು ನಾವು. ಆ ತಿಂಗಳುಗಳಲ್ಲಿ ಎಂಜಿನನ್ನು ಬಿಚ್ಚಿ ಪಾಠ ಮಾಡಬಹುದು. ಎರಡನೆಯದು ನೆಲ; ಇದು ಗುರುತರವಾದುದು. ಪದವು ಎಂದರೆ ಬರಡಲ್ಲ. ಅದು ದನಗಳ ಮೇವು, ಕೆಳಗಣ ಬೈಲಿನ ಬಾವಿಗಳ ನೀರು. ಹತ್ತು ಜನ ಧನಿಕರ ಭಾನುವಾರಕ್ಕಾಗಿ ಒಂದು ಪದವನ್ನು ಸಮಮಾಡುವುದನ್ನು ನಾನು ಕೊನೆಯವರೆಗೂ ವಿರೋಧಿಸುವೆನು. ಮೊದಲು ಬಜಪೆಯಲ್ಲಿಯೇ, ದೊಡ್ಡ ವಿಮಾನಗಳ ದಟ್ಟಣೆಯಿಲ್ಲದ ವೇಳೆಯಲ್ಲಿ, ಎರಡು ಮೂರು ಸಣ್ಣ ವಿಮಾನಗಳ ಶಾಲೆಗೆ ಎಡೆಯಾಗುವುದೇ ಎಂದು ತಿಳಿದವರು ವಿಚಾರಿಸಲಿ. ಆಗದೆ ಹೊಸ ನೆಲವೇ ಬೇಕಾದರೆ, ಅದರ ಹಕ್ಕು ಶಾಲೆಯದಾಗಿರಲಿ, ವ್ಯಕ್ತಿಯದಾಗದಿರಲಿ.

ಉಪನ್ಯಾಸಕರು ಪುಷ್ಪಕದ ಹೆಸರನ್ನೂ ಎತ್ತಿದ್ದರು. ಆ ಕಥೆಯನ್ನು ಪೂರ್ತಿಯಾಗಿ ಓದಿದವರಿಗೆ ಮೂವರು ಕಾಣಸಿಗುತ್ತಾರೆ. ಕುಬೇರನಿಗೆ ಅದು ದೊರೆತಿತ್ತು. ರಾವಣನು ಅದನ್ನು ಬಲದಿಂದ ಕಿತ್ತುಕೊಂಡು ಸ್ವಂತದ್ದೆಂದು ಇಟ್ಟುಕೊಂಡನು. ರಾಮನು ಅದರಲ್ಲಿ ವಾನರರನ್ನೂ ವಿಭೀಷಣನ ಪರಿವಾರವನ್ನೂ ತುಂಬಿಕೊಂಡು ಬಂದು, ಭರತನಿದ್ದ ಆಶ್ರಮದ ಹತ್ತಿರ ಇಳಿದೊಡನೆ ಅದನ್ನು ಕುಬೇರನಲ್ಲಿಗೆ ಹಿಂದಕ್ಕೆ ಕಳುಹಿಸಿದನು. ಹದಿನಾಲ್ಕು ವರ್ಷ ಕಾಡಿನಲ್ಲಿ ನಡೆದವನಿಗೆ ಅದನ್ನು ಇಟ್ಟುಕೊಳ್ಳುವ ಆಸೆ ಹುಟ್ಟಲಿಲ್ಲ.

ಈ ವಿಷಯವಾಗಿ ಉಪನ್ಯಾಸಕ ಮಿತ್ರರು ಉತ್ತರ ಬರೆದರೆ ಸಂತೋಷಪಡುವೆನು. ಅದಕ್ಕೂ ಮಿಗಿಲಾಗಿ, ಜಿಲ್ಲೆಗೊಂದು ಹಾರುವ ಶಾಲೆಯನ್ನು ಬೇಡುವ ಮನವಿಯನ್ನು ಮುಂದಿನ ಗೋಷ್ಠಿಯಲ್ಲಿ ಅವರೇ ಮಂಡಿಸುವುದಾದರೆ, ಅದರ ಕೆಳಗೆ ಎರಡನೆಯ ರುಜು ನನ್ನದಾಗಿರುವುದು.