ಒಂದೇ ಪಂಕ್ತಿಯ ಊಟ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಾಲೇಜು ಹುಡುಗರು ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಆಡಹೊರಟರೆ, ಮೊದಲ ತೊಡಕು ಹಾಡಿನದಲ್ಲ, ಕುಣಿತದ್ದೂ ಅಲ್ಲ, ಊಟದ್ದು.

1957ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನೇರಿದ ಈ ಸಂಗೀತನಾಟಕವು ರೋಮಿಯೋ ಜೂಲಿಯೆಟ್ಟರ ಕಥೆಯನ್ನು ಬಡಕೇರಿಯ ದಿಕ್ಕುಗೆಟ್ಟ ತರುಣರ ನಡುವೆ ತಂದಿರಿಸಿತು. ಬಿಳಿಯ ಹುಡುಗರದೊಂದು ಗುಂಪು, ಪೋರ್ಟೊರಿಕೊದಿಂದ ವಲಸೆ ಬಂದವರದೊಂದು ಗುಂಪು. ನಡುವೆ ಟೋನಿ, ಮರಿಯಾ. ಸಂಗೀತ ಲಿಯೊನಾರ್ಡ್ ಬರ್ನ್‌ಸ್ಟೈನನದು. ನಿರ್ದೇಶಕ ಜೆರೋಮ್ ರಾಬಿನ್ಸನು ಅಭ್ಯಾಸದ ದಿನಗಳಲ್ಲಿ ಎರಡು ಗುಂಪಿನ ನಟರೂ ಒಂದೆಡೆ ಕುಳಿತು ಉಣ್ಣದಂತೆ, ಕಲೆತು ಹರಟದಂತೆ ಕಟ್ಟುಮಾಡಿದ್ದನು. ದ್ವೇಷವು ಮೈಗೆ ಹತ್ತಲೆಂದು!

ಆ ಕಟ್ಟುಪಾಡು ಇಲ್ಲಿಗೆ ಬೇಡ. ಪಂಕ್ತಿಭೇದವನ್ನು ಈ ಕಡೆಯವರಿಗೆ ಯಾವ ನಿರ್ದೇಶಕನೂ ಕಲಿಸಬೇಕಾಗಿಲ್ಲ. ಜಾತಿಗೊಂದು ವಿದ್ಯಾರ್ಥಿನಿಲಯ ಕಟ್ಟಿದ ನಾಡು ಇದು. (ಆ ನಿಲಯಗಳು ಎಷ್ಟೋ ಬಡಹುಡುಗರಿಗೆ ಅನ್ನವಿಕ್ಕಿದುವೆಂಬುದೂ ಸತ್ಯವೇ.) ಇಲ್ಲಿ ಅಭ್ಯಾಸವು ತಿರುಗುಮುರುಗಾಗಿ ನಡೆಯಬೇಕು: ಮೊದಲು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಮುದ್ದೆ-ಸಾರು, ಆಮೇಲೆ ಜಗಳದ ದೃಶ್ಯ. ಜೊತೆಯಲ್ಲಿ ಉಂಡವನ ಮೇಲೆ ಚೂರಿಯೆತ್ತುವಾಗ ಕೈ ಹಿಂಜರಿಯುತ್ತದೆ. ನಟನೆಗೆ ಬೇಕಾದದ್ದು ಆ ಹಿಂಜರಿಕೆಯೇ.

ಕಷ್ಟವಿರುವುದು ಕೊನೆಯ ದೃಶ್ಯದಲ್ಲಿ. ಟೋನಿ ಸತ್ತಿದ್ದಾನೆ, ಮರಿಯಾ ಬದುಕಿದ್ದಾಳೆ. ಎರಡು ಗುಂಪಿನ ಹುಡುಗರೂ ಕೂಡಿ ಶವವನ್ನು ಹೊತ್ತು ನಡೆಯುತ್ತಾರೆ. ಹೆಣಕ್ಕೆ ಯಾರು ಹೆಗಲು ಕೊಡಬಹುದು, ಯಾರು ಕೊಡಬಾರದು ಎಂಬ ಲೆಕ್ಕವನ್ನು ಬಲ್ಲ ತಂದೆತಾಯಿಗಳು ಆಗ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.